ನೋರಾ ಏನನ್ನು ಒಯ್ದಳು?

ಇಬ್ಸೆನ್ನನ 'ಬೊಂಬೆಯ ಮನೆ'ಯನ್ನು ಓದಿದವರಿಗಿಂತ ಅದರ ಕೊನೆಯ ಸದ್ದಿನ ಸುದ್ದಿ ಕೇಳಿದವರೇ ಹೆಚ್ಚು. ಎಂಟು ವರ್ಷ ಸಂಸಾರ ಮಾಡಿದ ನೋರಾ, ಗಂಡನನ್ನೂ ಮೂವರು ಮಕ್ಕಳನ್ನೂ ಬಿಟ್ಟು ಹೊರಟು, ಕೆಳಗಿನ ಹೊರಬಾಗಿಲನ್ನು ಎಳೆದುಕೊಂಡ ಆ ಸದ್ದು ರಂಗದ ಮೇಲೆ ಮೊದಲು ಕೇಳಿದ್ದು ೧೮೭೯ರ ಡಿಸೆಂಬರ್ ೨೧ರಂದು, ಕೋಪನ್‌ಹೇಗನ್ನಿನ ರಾಯಲ್ ಥಿಯೇಟರಿನಲ್ಲಿ. ಅದರ ಮೇಲೆ ಬಂದಿರುವ ವಿಮರ್ಶೆಗೆ ಲೆಕ್ಕವಿಲ್ಲ. ವ್ಯಕ್ತಿಸ್ವಾತಂತ್ರ್ಯ, ಆತ್ಮಶೋಧನೆ, ಸ್ತ್ರೀಯ ಎಚ್ಚರ ಮೊದಲಾದ ದೊಡ್ಡ ದೊಡ್ಡ ಮಾತುಗಳೆಲ್ಲ ಆ ಬಾಗಿಲಿಗೆ ತಗುಲಿಕೊಂಡಿವೆ. ಅವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಬಾಗಿಲು ಮುಚ್ಚುವುದಕ್ಕೆ ಕೆಲವೇ ನಿಮಿಷ ಮೊದಲು, ಪ್ರೇಕ್ಷಕರ ಕಣ್ಣೆದುರಿಗೇ ಒಂದು ಪಾಲು ಪಾರಿಕತ್ತು ನಡೆದುಹೋಗುತ್ತದೆ. ಅದರ ಕಡೆಗೆ ನಮ್ಮ ಗಮನ ಹರಿದಿರುವುದು ತೀರ ಕಡಮೆ. ಗಂಡಹೆಂಡಿರು ಬೇರೆಯಾಗುವಾಗ ಯಾವುದು ಯಾರದು ಎಂಬ ಪ್ರಶ್ನೆಯನ್ನು ಇಷ್ಟು ಬಿಗಿಯಾಗಿ ಹಿಡಿದ ನಾಟಕ ನಾನು ಓದಿದ್ದರಲ್ಲಿ ಮತ್ತೊಂದಿಲ್ಲ.

ಪಾರಿಕತ್ತಿನ ಬಾಬುಗಳನ್ನು ಒಂದೊಂದಾಗಿ ನೋಡೋಣ. ಹೊರಡುವ ಹೊತ್ತಿಗೆ ನೋರಾ ಕಾನೂನಿನ ಮಾತನ್ನೇ ಎತ್ತುತ್ತಾಳೆ. ಹೆಂಡತಿ ಮನೆ ಬಿಟ್ಟು ಹೋದರೆ ಅವಳ ಬಗೆಗೆ ಗಂಡನಿಗಿರುವ ಹೊಣೆ ತೀರಿಹೋಗುತ್ತದೆಂದು ಅವಳು ಕೇಳಿದ್ದಾಳೆ. ಕಾನೂನು ಏನೇ ಇರಲಿ, ತಾನಾಗಿಯೇ ಅವನನ್ನು ಆ ಹೊಣೆಯಿಂದ ಬಿಡಿಸುತ್ತಾಳೆ. ಆಮೇಲೆ ಉಂಗುರ. ಅವನದನ್ನು ಅವನಿಗೆ ಕೊಟ್ಟು, ತನ್ನದನ್ನು ಕೇಳಿ ತೆಗೆದುಕೊಳ್ಳುತ್ತಾಳೆ. ಆಮೇಲೆ ಬೀಗದ ಕೈಗಳು. ಮಾರನೆಯ ದಿನ ತಾನು ಊರು ಬಿಟ್ಟ ಮೇಲೆ ಗೆಳತಿ ಲಿಂಡೆ ಬಂದು, ತಾನು ತವರಿನಿಂದ ತಂದಿದ್ದ ಸಾಮಾನನ್ನು ಕಟ್ಟುವಳೆಂದೂ ಅದನ್ನು ಹಿಂದಿನಿಂದ ಕಳಿಸಬೇಕೆಂದೂ ಹೇಳುತ್ತಾಳೆ. ಪತ್ರ ಬರೆಯಬಹುದೆ ಎಂದು ಗಂಡ ಕೇಳುತ್ತಾನೆ, ಕೂಡದು. ಏನಾದರೂ ಕಳಿಸಿಕೊಡಬಹುದೆ? ಅದೂ ಕೂಡದು. ಕಷ್ಟಕ್ಕೆ ಸಿಕ್ಕಿದರೆ ನೆರವಾಗಬಹುದೆ? ಅದೂ ಬೇಡ, ಎಂಟು ವರ್ಷದ ಗಂಡ ಈಗ ಹೊರಗಿನವನು. ನಮ್ಮ ವಕೀಲರ ಮಾತಿನಲ್ಲಿ ಹೇಳುವುದಾದರೆ ವಿಚ್ಛೇದನ, ಒಡವೆಯ ವಾಪಸಾತಿ, ಸ್ತ್ರೀಧನ, ಜೀವನಾಂಶ, ಮಕ್ಕಳ ಸುಪರ್ದು ಇವೆಲ್ಲವೂ ಒಂದೆರಡು ಪುಟದೊಳಗೆ ಇತ್ಯರ್ಥವಾಗಿಬಿಡುತ್ತವೆ. ಅಮೀನನಿಲ್ಲ, ಸಾಕ್ಷಿಯಿಲ್ಲ, ಛಾಪಾ ಕಾಗದವಿಲ್ಲ.

ಅವಳ ಕೈಯಲ್ಲಿರುವುದು ಒಂದು ಸಣ್ಣ ಚೀಲ. ಹಿಂದೆ ಇಟಲಿಗೆ ಹೋಗಿದ್ದಾಗ ಗಂಡ ಹೊಲಿಸಿಕೊಟ್ಟಿದ್ದ ವೇಷದ ಉಡುಪನ್ನು ಕಳಚಿಟ್ಟು ದಿನಬಳಕೆಯ ಬಟ್ಟೆ ತೊಟ್ಟು ಬಂದಿದ್ದಾಳೆ. ಹೋಗುವುದೆಲ್ಲಿಗೆ? ಆ ರಾತ್ರಿ ಲಿಂಡೆಯ ಮನೆಗೆ, ಬೆಳಗಾದರೆ ತನ್ನ ಹಳೆಯ ಊರಿಗೆ. ಅಲ್ಲಿ ಅವಳ ತಂದೆ ಸತ್ತು ವರ್ಷಗಳಾಗಿವೆ. ತಂದೆಯಿಲ್ಲದ ತವರು ಎಂಥದೆಂಬುದನ್ನು ಕನ್ನಡದ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಬಾಬುಗಳ ನಡುವೆ ಒಂದು ದೊಡ್ಡ ಬಾಬು ಬಿಟ್ಟುಹೋಗಿದೆ. ಪ್ರಕೃತ ಲೇಖನದ ವಿಷಯ ಅದೇ.

ನಾಟಕದ ಕಥೆಯೆಲ್ಲ ನಿಂತಿರುವುದು ಒಂದು ಸಾಲದ ಮೇಲೆ. ಮದುವೆಯಾದ ಹೊಸತರಲ್ಲಿ ಹೆಲ್ಮರನಿಗೆ ಜೀವಕ್ಕೆ ಅಪಾಯವಾಗುವಂಥ ಕಾಯಿಲೆ. ದಕ್ಷಿಣದ ಬೆಚ್ಚನೆಯ ಸೀಮೆಗೆ ಕರೆದೊಯ್ಯದಿದ್ದರೆ ಉಳಿಯುವುದಿಲ್ಲವೆಂದು ವೈದ್ಯರು ಹೇಳುತ್ತಾರೆ, ಅದೂ ನೋರಾಳಿಗೆ ಮಾತ್ರ. ಗಂಡ ಸಾಲವೆಂದರೆ ಸಿಡಿಯುವವನು. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಸಾಲ ಎತ್ತುವಂತಿಲ್ಲ. ಅದನ್ನು ನಾಟಕದಲ್ಲಿ ಲಿಂಡೆಯೇ ಬಾಯಿಬಿಟ್ಟು ಹೇಳುತ್ತಾಳೆ. ನೋರಾ ಕ್ರೋಗ್‌ಸ್ಟಾಡ್ ಎಂಬ ವಕೀಲನ ಮೂಲಕ ೧೨೦೦ ಸ್ಪೆಸಿಡಾಲರ್, ಅಂದರೆ ಹೊಸ ನಾಣ್ಯದಲ್ಲಿ ೪೮೦೦ ಕ್ರೋನರ್, ಗುಟ್ಟಾಗಿ ತರುತ್ತಾಳೆ. ಜಾಮೀನಿಗೆ ತಂದೆಯ ಸಹಿ ಬೇಕು, ತಂದೆ ಮರಣಶಯ್ಯೆಯಲ್ಲಿದ್ದಾನೆ, ಸಹಿಯನ್ನು ತಾನೇ ಹಾಕುತ್ತಾಳೆ. ತಂದೆ ತೀರಿಕೊಂಡದ್ದು ಸೆಪ್ಟೆಂಬರ್ ೨೯ರಂದು, ಸಹಿಯ ಕೆಳಗಿನ ತಾರೀಖು ಅಕ್ಟೋಬರ್ ೨. ಮುಂದೆ ಅವಳ ಕೊರಳಿಗೆ ಬರುವುದು ಈ ಮೂರು ದಿನದ ಅಂತರವೇ. ಗಂಡನಿಗೂ ಊರಿಗೂ ಹೇಳಿದ್ದು ಮಾತ್ರ, ಹಣವನ್ನು ಅಪ್ಪ ಕೊಟ್ಟರು ಎಂದು. ತಾನು ತಂದ ದುಡ್ಡಿನ ಕೀರ್ತಿಯನ್ನೂ ಅವಳು ತವರಿನ ಲೆಕ್ಕಕ್ಕೆ ಬರೆದಳು.

ಆ ಸಾಲ ತೀರುತ್ತ ಬಂದದ್ದು ಹೇಗೆ? ಇಲ್ಲಿ ಇಬ್ಸೆನ್ನನ ಕೈಚಳಕ ನೋಡಬೇಕು. ಬಟ್ಟೆಗೆಂದು ಗಂಡ ಕೊಟ್ಟ ಹಣದಲ್ಲಿ ಅರ್ಧವನ್ನು ಅವಳು ಉಳಿಸುತ್ತಾಳೆ. ಅಗ್ಗದ ಬಟ್ಟೆಯೂ ತನಗೆ ಒಪ್ಪುವುದು ದೇವರ ದಯೆ ಎಂದುಕೊಳ್ಳುತ್ತಾಳೆ. ಹಬ್ಬದ ಉಡುಗೊರೆಯನ್ನು ಹಣವಾಗಿಯೇ ಕೊಡು, ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ ಕ್ರಿಸ್‌ಮಸ್ ಗಿಡಕ್ಕೆ ತೂಗಹಾಕುತ್ತೇನೆ ಎಂದು ಗಂಡನನ್ನು ಮುದ್ದಿನಿಂದ ಬೇಡುತ್ತಾಳೆ. ಅವನು ನಗುತ್ತ ದುಂದುಗಾತಿ ಎನ್ನುತ್ತಾನೆ. ತಂದೆಯಿಂದ ಬಂದ ಗುಣವೆಂದೂ ಸೇರಿಸುತ್ತಾನೆ. ಹಿಂದಿನ ಚಳಿಗಾಲದಲ್ಲಿ ಅವಳಿಗೆ ನಕಲು ಬರೆಯುವ ಕೆಲಸ ದೊರೆತಿತ್ತು. ರಾತ್ರಿರಾತ್ರಿ ಬಾಗಿಲು ಹಾಕಿಕೊಂಡು ಬರೆದಳು. ದಣಿವಾಗುತ್ತಿತ್ತು, ಆದರೆ ಗಂಡಸಿನಂತೆ ದುಡಿಯುತ್ತಿದ್ದೇನೆಂಬ ಹಿಗ್ಗೂ ಇತ್ತು. ಅದೇ ದಿನಗಳನ್ನು ಹೆಲ್ಮರ್ ನೆನೆಸಿಕೊಳ್ಳುವ ಬಗೆ ಬೇರೆ. ಹಬ್ಬದ ಅಲಂಕಾರಕ್ಕೆ ಹೂವು ಮಾಡುತ್ತೇನೆಂದು ಮೂರು ವಾರ ಒಳಗೆ ಸೇರಿಕೊಂಡೆ, ನನಗೋ ಬೇಸರವೋ ಬೇಸರ, ಕೊನೆಗೆ ಕಂಡದ್ದು ಮಾತ್ರ ಏನೂ ಇಲ್ಲ ಎಂದು ಹಾಸ್ಯ ಮಾಡುತ್ತಾನೆ. ಬೆಕ್ಕು ಬಂದು ಎಲ್ಲವನ್ನೂ ಹರಿದುಹಾಕಿತಲ್ಲ ಎಂದು ಅವಳು ಸಮಾಧಾನ ಹೇಳುತ್ತಾಳೆ. ಒಂದು ಹೆಂಗಸಿನ ದುಡಿಮೆ ಮನೆಯ ಲೆಕ್ಕದಲ್ಲಿ ಕಾಣದೆ ಹೋಗುವ ರೀತಿಯನ್ನು ಇದಕ್ಕಿಂತ ಚೊಕ್ಕಟವಾಗಿ ಹೇಳುವುದು ಕಷ್ಟ. ಅವಳ ಮೂರು ವಾರದ ದುಡಿಮೆಯನ್ನು ಇಲ್ಲದ ಒಂದು ಬೆಕ್ಕು ತಿಂದುಹಾಕಿತು.

ಎಷ್ಟು ತೀರಿಸಿದೆ ಎಂದು ಲಿಂಡೆ ಕೇಳಿದಾಗ ನೋರಾಳಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಇಂಥ ವ್ಯವಹಾರಕ್ಕೆ ಲೆಕ್ಕ ಇಡುವುದು ಸುಲಭವಲ್ಲ. ಹೆರೆದು ಕೂಡಿಸಿದ್ದನ್ನೆಲ್ಲ ಕಟ್ಟಿದ್ದೇನೆಂಬುದಷ್ಟೇ ಅವಳಿಗೆ ಗೊತ್ತು. ಮೂರು ತಿಂಗಳಿಗೊಮ್ಮೆ ಬಡ್ಡಿ, ಅದರ ಜೊತೆಗೆ ಕಂತು. ಇವೆಲ್ಲಕ್ಕೂ ಇರುವ ಒಂದೇ ಒಂದು ದಾಖಲೆಯೆಂದರೆ ಕ್ರೋಗ್‌ಸ್ಟಾಡನ ಪೆಟ್ಟಿಗೆಯಲ್ಲಿರುವ ಆ ಸಾಲಪತ್ರ.

ಮೂರನೆಯ ಅಂಕದಲ್ಲಿ ಕ್ರೋಗ್‌ಸ್ಟಾಡ್ ಮನಸ್ಸು ಬದಲಾಯಿಸಿ ಸಾಲಪತ್ರವನ್ನು ಹಿಂದಕ್ಕೆ ಕಳಿಸುತ್ತಾನೆ. ಒಂದು ಕ್ಷಣದ ಹಿಂದೆ ಹೆಂಡತಿಯನ್ನು ಅಪರಾಧಿ, ಕಪಟಿ ಎಂದು ಜರೆದಿದ್ದ ಹೆಲ್ಮರ್ ಕಾಗದವನ್ನು ಕಂಡು ತಾನು ಬದುಕಿದೆನೆಂದು ಕುಣಿದಾಡುತ್ತಾನೆ. ಹಾಗಾದರೆ ನಾನು ಎಂದು ನೋರಾ ಕೇಳುತ್ತಾಳೆ. ನೀನೂ ಬದುಕಿದೆ ಎನ್ನುತ್ತಾನೆ. ಆಮೇಲೆ ಸಾಲಪತ್ರವನ್ನೂ ಎರಡು ಪತ್ರಗಳನ್ನೂ ಹರಿದು ಒಲೆಗೆ ಹಾಕಿ ಉರಿಯುವುದನ್ನು ನೋಡುತ್ತ ನಿಲ್ಲುತ್ತಾನೆ.

ಈ ಪ್ರಸಂಗವನ್ನು ಎಲ್ಲರೂ ಅಪವಾದದಿಂದ ಬಿಡುಗಡೆಯೆಂದು ಓದುತ್ತಾರೆ. ಹೆಲ್ಮರನ ಸ್ವಾರ್ಥಕ್ಕೆ ನಿದರ್ಶನವೆಂದೂ ಹೇಳುತ್ತಾರೆ. ಎರಡೂ ಸರಿ. ಆದರೆ ಒಲೆಗೆ ಬಿದ್ದ ಕಾಗದಕ್ಕೆ ಎರಡು ಮುಖಗಳಿದ್ದವು. ಒಂದು ಮುಖದಲ್ಲಿ ಅದು ನೋರಾಳ ಅಪರಾಧಕ್ಕೆ ಸಾಕ್ಷಿ. ಇನ್ನೊಂದು ಮುಖದಲ್ಲಿ, ಈಗ ಬ್ಯಾಂಕಿನ ಮ್ಯಾನೇಜರನಾಗಲಿರುವ ಈ ದೊಡ್ಡ ಮನುಷ್ಯನ ಪ್ರಾಣಕ್ಕೆ ಯಾರು ಹಣ ತೆತ್ತರು ಎಂಬುದಕ್ಕೂ ಅದೇ ಸಾಕ್ಷಿ. ಆ ಮನೆಯಲ್ಲಿ ನೋರಾಳ ದುಡಿಮೆಯ ಗುರುತಾಗಿ ಉಳಿದಿದ್ದ ಕಾಗದ ಅದೊಂದೇ. ಅದನ್ನು ಸುಟ್ಟವನು ಗಂಡ. ಅವಳನ್ನು ಕ್ಷಮಿಸುತ್ತಿದ್ದೇನೆಂದು ಹೇಳುತ್ತಲೇ ಸುಟ್ಟ. ಅರ್ಧ ಗಂಟೆ ಕಳೆಯುವುದರೊಳಗೆ ಇಬ್ಬರೂ ಮೇಜಿನ ಎರಡು ಬದಿಗೆ ಕುಳಿತು ಎಂಟು ವರ್ಷದ ಲೆಕ್ಕ ಚುಕ್ತಾ ಮಾಡುತ್ತಾರೆ. ಆಗ ನೋರಾ ತಂದೆಯ ತಪ್ಪನ್ನು ಹೇಳುತ್ತಾಳೆ, ಗಂಡನ ತಪ್ಪನ್ನು ಹೇಳುತ್ತಾಳೆ, ತಾನು ಬೊಂಬೆಯಾಗಿದ್ದುದನ್ನು ಹೇಳುತ್ತಾಳೆ. ೪೮೦೦ ಕ್ರೋನರಿನ ಮಾತನ್ನು ಮಾತ್ರ ಎತ್ತುವುದಿಲ್ಲ. ಹೆಲ್ಮರನೂ ಎತ್ತುವುದಿಲ್ಲ. ತವರಿನಿಂದ ತಂದದ್ದು ತನ್ನದು. ಇಲ್ಲಿ ಬಂದ ಮೇಲೆ ಗಳಿಸಿದ್ದು, ಉಳಿಸಿದ್ದು, ತೆತ್ತದ್ದು ಯಾರದೂ ಅಲ್ಲ.

ಇದು ಕಾವ್ಯವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗುವ ಕೆಲಸವೆಂದು ಕೆಲವು ಸಹೃದಯರು ಆಕ್ಷೇಪಿಸಬಹುದು. ತರಗತಿಯಲ್ಲಿ ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆಯೇ ಕೇಳಿದಳು: "ಸರ್, ಹೋಗೋ ಹೊತ್ತಲ್ಲಿ ದುಡ್ಡಿನ ಲೆಕ್ಕ ಕೇಳಿದ್ರೆ ನೋರಾ ಚಿಕ್ಕವಳಾಗಿ ಕಾಣೋಲ್ವೆ?" ಪ್ರಶ್ನೆ ಒಳ್ಳೆಯದು. ಆದರೆ ತಕ್ಕಡಿಯನ್ನು ರಂಗದ ಮೇಲೆ ತಂದಿಟ್ಟವನು ನಾನಲ್ಲ, ಇಬ್ಸೆನ್. ಪರದೆ ಎದ್ದ ಕೂಡಲೇ ನೋರಾ ಮಾಡುವ ಮೊದಲ ಕೆಲಸಗಳಲ್ಲೊಂದು, ಕ್ರಿಸ್‌ಮಸ್ ಗಿಡ ಹೊತ್ತು ತಂದ ಕೂಲಿಯವನಿಗೆ ಹಣ ಕೊಡುವುದು. ಅವನು ಕೇಳುವುದು ಅರ್ಧ ಕ್ರೋನ; ಒಂದು ಕ್ರೋನ ಕೊಟ್ಟು ಚಿಲ್ಲರೆ ಇಟ್ಟುಕೊ ಎನ್ನುತ್ತಾಳೆ. ಹಣದಿಂದ ತೆರೆದ ನಾಟಕ ಹಣದ ಮಾತಿನಲ್ಲಿಯೇ ಮುಗಿಯುತ್ತದೆ, ಬೇಡವೆಂಬ ರೂಪದಲ್ಲಿ. ನಡುವೆ ಪ್ರೀತಿಯ ಮಾತೆಂದು ಕಾಣುವುದೆಲ್ಲ ಸಾಲ, ಸಂಬಳ, ಕೆಲಸ, ಉಡುಗೊರೆಗಳ ಮೂಲಕವೇ ನಡೆಯುತ್ತದೆ. ಇನ್ನು ಚಿಕ್ಕವಳಾಗಿ ಕಾಣುವ ಮಾತು. ಅಣ್ಣತಮ್ಮಂದಿರು ಪಾಲಾಗುವಾಗ ಹಂಡೆ, ಕೊಳಗ, ತೆಂಗಿನ ಮರಗಳಿಗೆ ಜಗ್ಗಾಡುವುದನ್ನು ನಮ್ಮ ಕಾದಂಬರಿಕಾರರು ಎಷ್ಟು ಸಲ ಬರೆದಿಲ್ಲ! ಅಲ್ಲಿ ಯಾರನ್ನೂ ನಾವು ಚಿಕ್ಕವರೆಂದು ಬಗೆಯುವುದಿಲ್ಲ, ಹಕ್ಕಿನ ಹೋರಾಟವೆನ್ನುತ್ತೇವೆ. ಅದೇ ಹಂಡೆಯನ್ನು ಹೆಂಡತಿ ಗಂಡನಿಂದ ಕೇಳಿದರೆ ನಮ್ಮ ರಸಾಸ್ವಾದಕ್ಕೆ ಭಂಗ ಬರುತ್ತದೆ. ಈ ರುಚಿ ಎಲ್ಲಿಂದ ಬಂತೆಂದು ವಿಮರ್ಶಕನಾದವನು ಕೇಳಿಕೊಳ್ಳಬೇಕು.

ಇಬ್ಸೆನ್ನನಿಗೆ ಇದು ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಅವನ ಎದುರಿಗೆ ಲೌರಾ ಕೀಲರಳ ಬದುಕಿತ್ತು. ಅವಳು ಲೇಖಕಿ, ಇಬ್ಸೆನ್ನನ ಪರಿಚಿತೆ. ಕ್ಷಯರೋಗಿಯಾದ ಗಂಡನನ್ನು ಇಟಲಿಗೆ ಕರೆದೊಯ್ಯಲು ಗುಟ್ಟಾಗಿ ಸಾಲ ಮಾಡಿದ್ದಳು. ಸಾಲ ಮೇಲೇರಿದಾಗ ತನ್ನ ಹಸ್ತಪ್ರತಿಯನ್ನು ಇಬ್ಸೆನ್ನನಿಗೆ ಕಳಿಸಿ ನೆರವು ಬೇಡಿದಳು, ಅವನು ಒಪ್ಪಲಿಲ್ಲ. ವಿಷಯ ಹೊರಬಿದ್ದ ಮೇಲೆ ಗಂಡ ಅವಳಿಂದ ಮಕ್ಕಳನ್ನು ದೂರಮಾಡಿದ. ಅವಳು ಕೆಲಕಾಲ ಹುಚ್ಚಾಸ್ಪತ್ರೆಯಲ್ಲಿರಬೇಕಾಯಿತು. ಕೊನೆಗೆ ಮಕ್ಕಳಿಗಾಗಿ ಅದೇ ಗಂಡನ ಮನೆಗೆ ಮರಳಿದಳು. ಅವಳಿಗೆ ಬಾಗಿಲ ಸದ್ದಿನ ಭಾಗ್ಯವಿರಲಿಲ್ಲ. ಮುಂದೆ ೧೮೮೪ರಲ್ಲಿ, ಮದುವೆಯಾದ ಹೆಂಗಸರಿಗೆ ಪ್ರತ್ಯೇಕ ಆಸ್ತಿಯ ಹಕ್ಕು ಬೇಕೆಂದು ನಾರ್ವೆಯ ಶಾಸನಸಭೆಗೆ ಹೋದ ಅರ್ಜಿಗೆ ಬ್ಯೋರ್ನ್‌ಸನ್, ಲೀ, ಶೆಲ್ಲಾಂಡರೊಡನೆ ಇಬ್ಸೆನ್ ಸಹಿ ಹಾಕಿದ. ಇಂಥ ವಿಷಯದಲ್ಲಿ ಗಂಡಸರ ಅಭಿಪ್ರಾಯ ಕೇಳುವುದು ಕುರಿಗಳ ರಕ್ಷಣೆಯ ಬಗ್ಗೆ ತೋಳಗಳನ್ನು ಕೇಳಿದಂತೆ ಎಂಬರ್ಥದ ಮಾತನ್ನು ಅವನು ಆಗ ಬ್ಯೋರ್ನ್‌ಸನ್ನನಿಗೆ ಬರೆದ. ವಿವಾಹಿತೆಯ ಸ್ವಂತ ಗಳಿಕೆ ಅವಳದೇ ಎಂಬ ಕಾನೂನು ಅಲ್ಲಿ ಬಂದದ್ದು ೧೮೮೮ರಲ್ಲಿ, ನಾಟಕ ಬಂದ ಒಂಬತ್ತು ವರ್ಷಕ್ಕೆ. ೧೮೯೮ರಲ್ಲಿ ಮಹಿಳಾ ಸಂಘದ ಸನ್ಮಾನದಲ್ಲಿ, ತಾನು ಸ್ತ್ರೀಹಕ್ಕಿಗಾಗಿ ಬುದ್ಧಿಪೂರ್ವಕವಾಗಿ ಕೆಲಸ ಮಾಡಿದವನಲ್ಲವೆಂದು ಇಬ್ಸೆನ್ನನೇ ಹೇಳಿದ್ದುಂಟು. ಬಾಗಿಲಿನ ಪಕ್ಷದ ವಿಮರ್ಶಕರು ಆ ಮಾತನ್ನು ಬಹಳ ಉಪಯೋಗಿಸುತ್ತಾರೆ; ಹದಿನಾಲ್ಕು ವರ್ಷ ಹಿಂದಿನ ಅರ್ಜಿಯನ್ನು ಮರೆಯುತ್ತಾರೆ.

ಜರ್ಮನಿಯಲ್ಲಿ ಒಬ್ಬ ನಟಿ, ಮಕ್ಕಳನ್ನು ಬಿಟ್ಟು ಹೋಗುವ ಪಾತ್ರವನ್ನು ತಾನು ಆಡೆನೆಂದು ಹಟ ಹಿಡಿದಾಗ ನೋರಾ ಮನೆಯಲ್ಲೇ ಉಳಿಯುವ ಇನ್ನೊಂದು ಮುಕ್ತಾಯವನ್ನು ಇಬ್ಸೆನ್ ಬೇಸರದಿಂದ ತಾನೇ ಬರೆದುಕೊಟ್ಟ. ಆ ಕಥೆ ಎಲ್ಲರಿಗೂ ಗೊತ್ತಿದೆ, ಬಿಡಿ.

ಬಾಗಿಲನ್ನು ಬಿಟ್ಟು ಹಣದ ಚೀಲವನ್ನು ನೋಡಿದ ವಿಮರ್ಶಕ, ನಾನು ಬಲ್ಲಂತೆ, ಚೀನದ ಲೂ ಷುನ್. ೧೯೨೩ರ ಡಿಸೆಂಬರ್ ೨೬ರಂದು ಬೀಜಿಂಗಿನ ಹೆಣ್ಣುಮಕ್ಕಳ ನಾರ್ಮಲ್ ಕಾಲೇಜಿನಲ್ಲಿ ಅವನು ಮಾಡಿದ ಭಾಷಣದ ವಿಷಯವೇ, ನೋರಾ ಹೊರಟುಹೋದ ಮೇಲೆ ಏನಾಯಿತು ಎಂಬುದು. ಅವಳ ಮುಂದಿದ್ದ ದಾರಿ ಎರಡೇ, ಕೆಡುವುದು ಅಥವಾ ಹಿಂದಿರುಗುವುದು ಎಂದು ಅವನು ನಿಷ್ಠುರವಾಗಿ ಹೇಳಿದ. ಎಚ್ಚತ್ತ ಮನಸ್ಸಿನ ಜೊತೆಗೆ ಕೈಯಲ್ಲಿ ದುಡ್ಡೂ ಬೇಕು. ಅದಕ್ಕಾಗಿ ಮೊದಲು ಮನೆಯೊಳಗೇ ಗಂಡುಹೆಣ್ಣುಗಳ ನಡುವೆ ನ್ಯಾಯವಾದ ಹಂಚಿಕೆಯಾಗಬೇಕು ಎಂಬುದು ಅವನ ವಾದ. ಹೊರಡಲು ಸಿದ್ಧರಾಗಿ ಕುಳಿತಿದ್ದ ಹುಡುಗಿಯರ ಮುಂದೆ ಇದನ್ನು ಹೇಳಲು ಎದೆಗಾರಿಕೆ ಬೇಕಿತ್ತು. ಅವನ ಎರಡೇ ದಾರಿಯ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಕಲು ಬರೆದು ಸಾಲ ತೀರಿಸಿದ ಹೆಂಗಸು ಇನ್ನೊಂದು ಊರಿನಲ್ಲಿ ಬರೆದು ಬದುಕಲಾರಳೆಂದು ಹೇಳುವುದು ಹೇಗೆ? ಆದರೆ ಪ್ರಶ್ನೆಯನ್ನು ಅವನು ಇಟ್ಟ ಜಾಗ ಸರಿಯಾದದ್ದು.

ನಮ್ಮಲ್ಲಿ ಕೈಲಾಸಂ, ಶ್ರೀರಂಗರ ಕಾಲದಿಂದ ನಾಟಕದ ಚರ್ಚೆಯಲ್ಲಿ ಇಬ್ಸೆನ್ನನ ಹೆಸರು ಬರುತ್ತಲೇ ಇದೆ. ಆದರೂ ಕನ್ನಡದ ಓದುಗ ಈ ಕೊನೆಯ ದೃಶ್ಯಕ್ಕೆ ತನಗೆ ತಿಳಿಯದೆಯೇ ಒಂದು ಬಣ್ಣ ಬಳಿಯುತ್ತಾನೆ: ತ್ಯಾಗದ ಬಣ್ಣ. ಏನನ್ನೂ ಬೇಡದೆ ಎದ್ದುಹೋಗುವವರು ನಮ್ಮ ಪುರಾಣಗಳಿಂದ ಹಿಡಿದು ನಮಗೆ ಪೂಜ್ಯರು. ಹೀಗಾಗಿ ನೋರಾ ಜೀವನಾಂಶವನ್ನು ತಳ್ಳಿದಳೆಂಬುದು ಅವಳ ಹಿರಿಮೆಯ ಶಿಖರವಾಗಿ ಕಾಣುತ್ತದೆ. ಅವಳು ಕೇಳಿದ್ದರೂ ಆ ಕಾಲದ ಕಾನೂನು ಅವಳಿಗೆ ಬಹಳವೇನೂ ಕೊಡುತ್ತಿರಲಿಲ್ಲ ಎಂಬುದನ್ನು ಮರೆಯುತ್ತೇವೆ. ಸಿಗದಿರುವುದನ್ನು ಬೇಡವೆನ್ನುವುದರಲ್ಲಿ ಸ್ವಾಭಿಮಾನವಿದೆ, ನಿಜ. ಅದು ಕಾನೂನಿನ ಗೋಡೆಗೆ ಒರಗಿ ನಿಂತ ಸ್ವಾಭಿಮಾನ ಎಂಬುದೂ ಅಷ್ಟೇ ನಿಜ.

ಆ ಗೋಡೆ ನಮ್ಮಲ್ಲಿ ಇನ್ನೂ ಪೂರ್ತಿ ಬಿದ್ದಿಲ್ಲ. ಕನ್ನಡನಾಡಿನ ಚರಿತ್ರೆಯೇ ಇಲ್ಲಿ ವಿಚಿತ್ರವಾಗಿದೆ. ಮೈಸೂರು ಸಂಸ್ಥಾನ ೧೯೩೩ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ಮಾಡಿ ಕುಟುಂಬದ ವಿಭಾಗದಲ್ಲಿ ಹೆಂಗಸರಿಗೆ ಪಾಲು ಕೊಟ್ಟಿತು; ವಿಚ್ಛೇದನವನ್ನು ಕೊಡಲಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬಿಜಾಪುರಗಳಿಗೆ ೧೯೪೭ರಲ್ಲಿ, ಮದರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳಿಗೆ ೧೯೪೯ರಲ್ಲಿ ವಿಚ್ಛೇದನದ ಕಾಯಿದೆ ಬಂತು. ಮೈಸೂರಿನವರು ೧೯೫೫ರ ಹಿಂದೂ ವಿವಾಹ ಕಾಯಿದೆಗೆ ಕಾಯಬೇಕಾಯಿತು. (ಎಷ್ಟೋ ಜಾತಿಗಳಲ್ಲಿ ಪಂಚಾಯಿತಿಯ ಬಿಡುಗಡೆ ಹಿಂದಿನಿಂದಲೂ ಇತ್ತು, ಅದರ ಮಾತು ಬೇರೆ.) ೧೯೫೫ರ ಆ ಕಾಯಿದೆಯ ೨೫ನೆಯ ಕಲಮು ಜೀವನಾಂಶವನ್ನು ಹೇಳುತ್ತದೆ. ೨೭ನೆಯದು ಮದುವೆಯ ಸಂದರ್ಭದಲ್ಲಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳನ್ನು ಮಾತ್ರ ಹೇಳುತ್ತದೆ. ಸಂಸಾರ ನಡೆಯುತ್ತಿದ್ದಾಗ ಗಂಡನ ಹೆಸರಿನಲ್ಲಿ ಕೊಂಡ ಮನೆ, ನಿವೇಶನಗಳಲ್ಲಿ ಹೆಂಡತಿಗೆ ಇಷ್ಟು ಪಾಲು ಎಂಬ ಮಾತು ಅದರಲ್ಲಿಲ್ಲ. ಗೋವೆಯಲ್ಲಿ ಮಾತ್ರ ಪೋರ್ಚುಗೀಸರ ಕಾಲದ ಸಂಹಿತೆಯಂತೆ ಗಂಡಹೆಂಡಿರ ಆಸ್ತಿ ಸಾಮಾನ್ಯವಾಗಿ ಸಮಭಾಗ. ಬೇರ್ಪಡುವ ಹೆಂಡತಿಗೆ ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡಿಸುವ ಒಂದು ಮಸೂದೆ ೨೦೧೩ರ ಆಗಸ್ಟಿನಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆದರೂ ಲೋಕಸಭೆಯಲ್ಲಿ ಅಂಗೀಕಾರವಾಗದೆ, ೨೦೧೪ರಲ್ಲಿ ಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ತವರಿನಿಂದ ತಂದದ್ದು ಹೆಂಡತಿಯದೇ ಎಂದು ಸರ್ವೋಚ್ಚ ನ್ಯಾಯಾಲಯ ೧೯೮೫ರ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಖಂಡಿತವಾಗಿ ಹೇಳಿತು. ಅಂದರೆ ನೋರಾಳ ಪಟ್ಟಿಯಲ್ಲಿದ್ದ ಸಾಮಾನು ನಮ್ಮಲ್ಲಿಯೂ ಅವಳಿಗೆ ಸಿಕ್ಕೀತು. ಅವಳು ಪಟ್ಟಿಗೆ ಸೇರಿಸದ ಬಾಬಿನ ಗತಿ ಮಾತ್ರ ಅನಿಶ್ಚಿತ. ೨೦೨೩ರ ಜೂನಿನಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೊಬ್ಬರು, ಗಂಡ ಪರದೇಶದಲ್ಲಿ ದುಡಿಯುತ್ತಿದ್ದಾಗ ಮನೆ ನಡೆಸಿದ ಹೆಂಡತಿಯ ಕೆಲಸವೂ ಆಸ್ತಿ ಗಳಿಸಲು ನೆರವಾದದ್ದೇ, ಆದ್ದರಿಂದ ಅವಳಿಗೂ ಅದರಲ್ಲಿ ಪಾಲಿದೆ ಎಂದು ತೀರ್ಪಿತ್ತರು. ಅದನ್ನು ಓದುವಾಗ ನನಗೆ ಹೆಲ್ಮರನ ಬೆಕ್ಕಿನ ನೆನಪಾಯಿತು.

ನನಗೆ ಪರಿಚಯದ ಹೆಂಗಸರೊಬ್ಬರು, ಶಾಲೆಯ ಉಪಾಧ್ಯಾಯಿನಿ, ಉಭಯಸಮ್ಮತಿಯ ವಿಚ್ಛೇದನದ ಅರ್ಜಿಯಲ್ಲಿ ತನಗೆ ಯಾವ ಹಕ್ಕೂ ಬೇಡವೆಂದು ಬರೆದುಕೊಟ್ಟರು. ಮನೆಯ ಸಾಲದ ಕಂತು ಹನ್ನೊಂದು ವರ್ಷ ಹೋದದ್ದು ಗಂಡನ ಸಂಬಳದಿಂದ. ಆ ಹನ್ನೊಂದು ವರ್ಷದ ದಿನಸಿ, ಫೀಜು, ಔಷಧಿ ಅವರ ಸಂಬಳದಿಂದ. ಕಂತಿಗೆ ರಸೀದಿಯಿತ್ತು, ಸೊಪ್ಪಿಗೆ ಇರಲಿಲ್ಲ. "ಕೇಳಬಹುದಿತ್ತೇನೋ. ಆದರೆ ಕೇಳಿದವಳು ಅನ್ನಿಸಿಕೊಳ್ಳೋದು ಬೇಡ ಅನ್ನಿಸಿತು" ಎಂದರು. ಬಂಧುಬಳಗವೆಲ್ಲ ಅವರ ದೊಡ್ಡತನವನ್ನು ಹೊಗಳಿತು. ಹಾಗೆ ಹೊಗಳಿದವರಲ್ಲಿ ಹೆಚ್ಚಿನವರು ಇಬ್ಸೆನ್ನನನ್ನು ಓದಿದವರಲ್ಲ. ಆದರೂ ನಮ್ಮ ವಿಮರ್ಶೆಯ ನುಡಿಗಟ್ಟು ಅವರ ಬಾಯಲ್ಲಿತ್ತು.

ಅಮೆರಿಕದ ಲೂಕಾಸ್ ನ್ಯಾಥ್ ಎಂಬ ನಾಟಕಕಾರ ಈ ನಾಟಕಕ್ಕೆ ಬರೆದ ಎರಡನೆಯ ಭಾಗ ೨೦೧೭ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾಯಿತು. ಅದರಲ್ಲಿ ಹದಿನೈದು ವರ್ಷದ ಮೇಲೆ ಅದೇ ಬಾಗಿಲನ್ನು ತಟ್ಟಿ ನೋರಾ ಒಳಗೆ ಬರುತ್ತಾಳೆ. ಪುಸ್ತಕ ಬರೆದು ಹಣ ಗಳಿಸಿದ್ದಾಳೆ. ಕೆಟ್ಟವಳೂ ಅಲ್ಲ, ಹಿಂದಿರುಗಿದವಳೂ ಅಲ್ಲ. ಬಂದಿರುವುದು ಒಂದು ಸಹಿಗಾಗಿ. ಹೆಲ್ಮರ್ ವಿಚ್ಛೇದನದ ಕಾಗದವನ್ನು ದಾಖಲು ಮಾಡಿಯೇ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅವಳಿನ್ನೂ ಅವನ ಹೆಂಡತಿ, ಅವಳು ಮಾಡಿಕೊಂಡ ಕರಾರುಗಳೆಲ್ಲ ತೂಗುಯ್ಯಾಲೆಯಲ್ಲಿವೆ. ನಾಟಕ ಮಾತಿನ ಮಲ್ಲಯುದ್ಧವಾಗಿ ಎಳೆದುಕೊಂಡು ಹೋಗುತ್ತದೆ. ಇಬ್ಸೆನ್ನನ ಪಕ್ಕದಲ್ಲಿ ನಿಲ್ಲುವಂಥದಲ್ಲ. ಆದರೆ ಆ ಮುಕ್ತಾಯದಲ್ಲಿ ಎಲ್ಲಿ ಸೋರುತ್ತದೆಂಬುದನ್ನು ಅವನು ಸರಿಯಾಗಿ ಕಂಡಿದ್ದಾನೆ: ಬಾಗಿಲನ್ನು ಹಾಕಿದರೆ ಸಾಲದು, ಕಾಗದವೂ ಆಗಬೇಕು.

ಕನ್ನಡದಲ್ಲಿ ಈ ನಾಟಕವನ್ನು ಆಡಿಸುವವರಲ್ಲಿ ನನ್ನದೊಂದು ಬಿನ್ನಹವಿದೆ. ಕೆಲವು ವರ್ಷದ ಹಿಂದೆ ನಾನು ನೋಡಿದ ಒಂದು ಪ್ರಯೋಗದಲ್ಲಿ ಬಾಗಿಲು ಬಹಳ ಭವ್ಯವಾಗಿತ್ತು. ಅದರ ಸದ್ದಿಗೆ ತಮಟೆಯನ್ನೂ ಸೇರಿಸಿದ್ದರು. ಬೀಗದ ಕೈಗಳ ಮಾತನ್ನೂ ತವರಿನ ಸಾಮಾನಿನ ಮಾತನ್ನೂ ವೇಗಕ್ಕೆ ಅಡ್ಡಿಯೆಂದು ಕತ್ತರಿಸಿದ್ದರು. ಒಲೆ ರಂಗದ ಮೇಲೆ ಇರಲೇ ಇಲ್ಲ. ಹೆಲ್ಮರ್ ಸಾಲಪತ್ರವನ್ನು ಹರಿದು ಕಿಟಕಿಯಿಂದಾಚೆಗೆ ತೂರಿದ. ದಯವಿಟ್ಟು ಒಲೆಯನ್ನು ನಡುವೆ ಇಡಿ. ಕಾಗದ ಉರಿದು ಮುಗಿಯುವವರೆಗೂ ಯಾರೂ ಮಾತಾಡದಿರಲಿ. ಮುಂದೆ ಲೆಕ್ಕದ ಮಾತು ಬಂದು ನೋರಾ ಮೇಜಿಗೆ ಕುಳಿತಾಗ, ಆ ಬೂದಿ ಪ್ರೇಕ್ಷಕರಿಗೆ ಕಾಣುತ್ತಿರಲಿ.